ಶಂಖದ ಮುಂದಿನ ರಾಗ

ಮೊನ್ನೆ ಜಮಖಂಡಿಯಲ್ಲಿ ಒಂದು ಮದುವೆ ಮೆರವಣಿಗೆ. ಬ್ಯಾಂಡಿನವರು ಸಿನಿಮಾ ಹಾಡುಗಳನ್ನೆಲ್ಲ ಊದಿ ಮುಗಿಸಿ, ಇದ್ದಕ್ಕಿದ್ದಂತೆ ಆ ಹಳೆಯ ಟಿ.ವಿ. ಧಾರಾವಾಹಿಯ ರಾಗ ಎತ್ತಿಕೊಂಡರು. ನನ್ನ ಬಲಗೈ ತಾನಾಗಿಯೇ ಮೇಲೆದ್ದು ಗಾಳಿಯಲ್ಲಿ ಏನನ್ನೋ ತಡಕಾಡಿತು. ನಾನು ಕುಣಿಯಲು ಹೊರಟೆನೆಂದು ತಿಳಿದ ಪಕ್ಕದವರು ಹುರುಪಿನಿಂದ ಜಾಗ ಬಿಟ್ಟುಕೊಟ್ಟರು. ನಾನು ತಡಕಾಡುತ್ತಿದ್ದದ್ದು ಮೇನ್ ಸ್ವಿಚ್ಚಿನ ಹಿಡಿಕೆಯನ್ನು.

ಆ ಧಾರಾವಾಹಿಯನ್ನು ನೀವೂ ನೋಡಿರುತ್ತೀರಿ. ಭಾನುವಾರ ಬೆಳಿಗ್ಗೆ ಬರುತ್ತಿದ್ದ, ರಾಜರೂ ಋಷಿಗಳೂ ತುಂಬಿದ ಹಿಂದಿ ಪುರಾಣ. ಬನಹಟ್ಟಿಯ ನಮ್ಮ ಓಣಿಯಲ್ಲಿ ಹಿಂದಿ ಬಲ್ಲವರು ಕಡಿಮೆ. ಕಥೆ ತಿಳಿಯುತ್ತಿದ್ದದ್ದು ಸಂಗೀತದಿಂದ. ಕೊಳಲು ಬಂದರೆ ಒಳ್ಳೆಯವರು, ಸಾರಂಗಿ ಬಂದರೆ ಅಳು, ನಗಾರಿ ಗುಡುಗಿದರೆ ಕೇಡು. ನನ್ನ ಕಾಕಾನ, ಅಂದರೆ ಚಿಕ್ಕಪ್ಪನ, ಹೆಂಡತಿ ಗಂಗಾಕಾಕು ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಕೂಗುತ್ತಿದ್ದಳು: "ನಗಾರಿ ಬಿತ್ತು ನೋಡ್ರಿ, ಆ ಮೀಸಿಯಾಂವ ಬಂದಾ!" ಮೀಸೆಯವನು ಬಂದೇ ಇರುತ್ತಿದ್ದ. ಧಾರವಾಡದಲ್ಲಿ ಬಿ.ಎ. ಓದುತ್ತಿದ್ದ ನಾನು ರಜೆಗೆ ಬಂದಾಗ ಅರ್ಥ ಹೇಳಲು ಹೋದರೆ, "ಸುಮ್ಮ ಕೂಡೋ ತಮ್ಮಾ, ನಿನ್ನ ಗದ್ದಲದಾಗ ಏನೂ ತಿಳೀವಲ್ದು" ಎಂದು ಗದರುತ್ತಿದ್ದಳು.

ಹಾಗೆ ನೋಡಿದರೆ ಗದ್ದಲವೆಲ್ಲ ಅವರದೇ. ದಿನವಿಡೀ ಪವರ್‌ಲೂಮುಗಳ ಖಟಖಟದಲ್ಲಿ ಬದುಕಿ ಮನೆಯವರ ಕಿವಿ ಮಂದವಾಗಿತ್ತು. ಗುಟ್ಟನ್ನೂ ಕೂಗಿಯೇ ಹೇಳುವ ಮನೆ ಅದು. ಕಾಕಾ ಟಿ.ವಿ.ಯ ಸದ್ದಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿಡುತ್ತಿದ್ದ. ಧಾರಾವಾಹಿಯ ಹೊತ್ತಿಗೆ ಓಣಿಯ ಮಗ್ಗಗಳನ್ನು ಒಂದೊಂದಾಗಿ ಬಂದ್ ಮಾಡುತ್ತಿದ್ದರು. ಎಲ್ಲ ನಿಂತ ಮೇಲೆ ಒಂದು ಗಳಿಗೆ ಊರೇ ಉಸಿರು ಹಿಡಿದಂತಿರುತ್ತಿತ್ತು. ಆಮೇಲೆ ಮನೆಮನೆಯ ಟಿ.ವಿ.ಯಿಂದಲೂ ಧಾರಾವಾಹಿ ಶುರುವಾಗುವ ಶಂಖ.

ಆ ಭಾನುವಾರ ಮಾತ್ರ ಧಾರಾವಾಹಿಗೆ ಮುಂಚೆಯೇ ಕರೆಂಟು ಹೋಯಿತು. ಮಗ್ಗಗಳು ತಾವೇ ನಿಂತವು. ಎಲ್ಲರೂ ಓಡಿಬಂದು ಕಪ್ಪು ಪರದೆಯ ಮುಂದೆ ಜಾಗ ಹಿಡಿದರು. ವಾರವಾರವೂ ತಮ್ಮ ಕೈಯಾರೆ ಬಂದ್ ಮಾಡುತ್ತಿದ್ದವರು ಅಂದು ಮಗ್ಗದ ಸ್ವಿಚ್ಚು ಮುಟ್ಟಲಿಲ್ಲ. ಆ ಕೆಲಸವನ್ನು ಕರೆಂಟೇ ಮಾಡಿತ್ತಲ್ಲ! ಬಸ್ಸಿನಲ್ಲಿ ಕೂತಾಗ, ಊಟಕ್ಕೆ ಕೂತಾಗ, ಇದೊಂದನ್ನೇ ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೋ.

"ಕರೆಂಟ್ ಬರೂತನಾ ಕಡದ ಎಳಿ ಗಂಟ ಹಾಕಿ ಬರ್ತೇನಿ" ಎಂದು ಕಾಕು ಹಿಂದಿನ ಮಗ್ಗದ ಕೋಣೆಗೆ ಹೋದಳು.

ಕರೆಂಟು ಬಂತು. ಪರದೆ ಬೆಳಗಿತು, ಶಂಖ ಮೊಳಗಿತು, ಮನೆಯೆಲ್ಲ "ಹೋ" ಎಂದಿತು. "ಹೋಗಲೇ, ನಿಮ್ಮ ಕಾಕುನ್ನ ಕರಕೊಂಡ ಬಾ. ಇಲ್ಲಂದ್ರ ವಾರಗಟ್ಲೆ ನನಗ ಬೈತಾಳ" ಎಂದ ಕಾಕಾ. ನಾನು ಹೋದೆ.

ಕರೆಂಟಿನೊಡನೆ ಮಗ್ಗವೂ ತಾನೇ ಎದ್ದು ಓಡುತ್ತಿತ್ತು. ಮೋಟರಿನ ಬೆಲ್ಟು ಕಾಕುವಿನ ಸೆರಗನ್ನು ಹಿಡಿದು ಸುತ್ತಿಕೊಳ್ಳುತ್ತಿತ್ತು. ಸೆರಗು ಕುತ್ತಿಗೆಗೆ ಬಿಗಿದು ಅವಳ ತಲೆಯನ್ನು ಕೆಳಕ್ಕೆ ಎಳೆದಿತ್ತು. ಎರಡೂ ಕೈಗಳನ್ನು ಮಗ್ಗಕ್ಕೆ ಒತ್ತಿ ಅವಳು ಹಿಂದಕ್ಕೆ ಜಗ್ಗುತ್ತಿದ್ದಳು. ಬಾಯಿ ಪೂರ್ತಿ ತೆರೆದಿತ್ತು. ಕೂಗುತ್ತಿದ್ದಳು, ನನಗೆ ಕೇಳಿಸಲಿಲ್ಲ. ನನಗೆ ಕೇಳಿಸಿದ್ದು ಶಂಖ ಮುಗಿದು ಶುರುವಾದ ಕೊಳಲು, ಆ ಸುಖದ ಕೊಳಲು. ಧಾರಾವಾಹಿಯಲ್ಲಿ ಒಂದು ಹಾವು ಹರಿದರೂ ಮೊದಲೇ ನಗಾರಿ ಬಾರಿಸಿ ಹೇಳುತ್ತಿದ್ದರು. ಇಲ್ಲಿ ಯಾರೂ ಬಾರಿಸಲಿಲ್ಲ.

ಮಗ್ಗದ ಸ್ವಿಚ್ಚು ಅವಳ ಆಚೆಯ ಗೋಡೆಯಲ್ಲಿತ್ತು. ನಡುವೆ ಓಡುವ ಬೆಲ್ಟು. ಕಾಲು ಕಿತ್ತು ನಡುಮನೆಗೆ ಓಡಿ, ಇಡೀ ಮನೆಯ ಮೇನ್ ಎಳೆದೆ. ಮಗ್ಗ, ಟಿ.ವಿ., ಕೊಳಲು ಎಲ್ಲ ಒಟ್ಟಿಗೆ ಸತ್ತವು.

"ಯಾವಾಂವಲೇ ಅಂವ ಮೇನ್ ತಗದಾಂವ!" ಎಂದು ಕಾಕಾ ಗುಡುಗಿದ. ಅದರ ಹಿಂದೆಯೇ ಬಂದ ಮೌನದಲ್ಲಿ, ಮಗ್ಗದ ಕೋಣೆಯ ಸಣ್ಣ ನರಳಾಟ ಆ ಮಂದ ಕಿವಿಗಳಿಗೂ ಕೇಳಿಸಿತು.

ಸೆರಗು ಕತ್ತರಿಸಿ ಅವಳನ್ನು ಬಿಡಿಸಿದರು. ಕುತ್ತಿಗೆಯ ಮೇಲೆ ನೇರಳೆ ಬಣ್ಣದ ಪಟ್ಟಿ ಎದ್ದಿತ್ತು. ನೀರು ಕುಡಿದು ಅವಳು ಆಡಿದ ಮೊದಲ ಮಾತು: "ಸುರು ಆಗಿರ್ಬೇಕಲ್ಲ? ಟಿ.ವಿ. ಹಚ್ರಿ." ಯಾರೂ ಹಚ್ಚಲಿಲ್ಲ.

ಅಂದಿನಿಂದ ಆ ರಾಗ ನನ್ನೊಳಗೆ ಕೊಳಲಿನವರೆಗೆ ಬಂದು ಕಡಿದುಹೋಗುತ್ತದೆ. ಮುಂದಿನದು ನೆನಪಿಲ್ಲ. ಎಲ್ಲಾದರೂ ಕ್ಯಾಸೆಟ್ ಹಾಕಿದರೆ ಎದ್ದು ಹೊರಗೆ ಹೋಗುತ್ತೇನೆ. ಕರೆಂಟು ಹೋದೊಡನೆ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುತ್ತ ತಿರುಗುತ್ತೇನೆ. ನನ್ನ ಹೆಂಡತಿ ನನಗೆ ಇಟ್ಟ ಹೆಸರು ಲೈನ್‌ಮನ್.

ಮೆರವಣಿಗೆಯಲ್ಲಿ ಕಾಕು ನನ್ನ ಪಕ್ಕದಲ್ಲೇ ಇದ್ದಳು. ರೇಷ್ಮೆ ಸೀರೆ, ಮದುವೆಯಲ್ಲೂ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದ್ದಳು.

"ಕಾಕೂ, ಈ ರಾಗ ಕೇಳಿದ್ರ ನಿನಗ ಏನೂ ಅನಸೂದಿಲ್ಲೇನು?"

"ಅನಸ್ತೈತಿ. ಅವತ್ತು ಕಥಿ ಮುಂದ ಏನಾತು? ಇಷ್ಟ ವರ್ಷಾತು, ಒಬ್ರೂ ಹೇಳಿಲ್ಲ ನನಗ."

"ನನಗೂ ಗೊತ್ತಿಲ್ಲ."

"ಹ್ಯಾಂಗ ಗೊತ್ತಿರ್ತೈತಿ? ಮೇನ್ ತಗದಾಂವ ನೀನ ಅಲ್ಲೇನಪಾ!" ಎಂದು ಅವಳು ನಕ್ಕಳು.

ಅಷ್ಟರಲ್ಲಿ ಕ್ಲಾರಿನೆಟ್ಟು ಕೊಳಲಿನ ಆ ಜಾಗಕ್ಕೆ ಬಂತು. ನನ್ನ ಕೈ ಮತ್ತೆ ಎದ್ದಿತು. ಕಾಕು ಮಣಿಕಟ್ಟು ಹಿಡಿದಳು. "ನಿಂದ್ರು. ಮುಂದ ಭಾಳ ಛಲೋ ಐತಿ."

ರಾಗ ಆ ಜಾಗ ದಾಟಿತು. ನಿಧಾನವಾಗಿ ಕೆಳಗಿಳಿದು, ನಾನು ಮರೆತೇಬಿಟ್ಟಿದ್ದ ಒಂದು ತಿರುವು ತೆಗೆದುಕೊಂಡಿತು. ಕಾಕು ಜೊತೆಗೆ ಗುನುಗತೊಡಗಿದಳು, ಮಗ್ಗದವರ ಗಂಟಲಿನಲ್ಲಿ. ಮುಂದಿನವರೆಲ್ಲ ಹೊರಳಿ ನೋಡಿದರು. ಕೊನೆಯಲ್ಲಿ ಡ್ರಮ್ಮಿನವನು ನಗಾರಿಯ ಪೆಟ್ಟು ಕೊಟ್ಟಾಗ ಅವಳ ಗುನುಗು ಥಟ್ಟನೆ ನಿಂತಿತು. ನನ್ನ ಮಣಿಕಟ್ಟಿನ ಮೇಲೆ ಅವಳ ಬೆರಳುಗಳು ಬಿಗಿಯಾದವು.

ಈ ಸಲ ನಾನು ಅವಳ ಕೈ ಹಿಡಿದುಕೊಂಡೆ.