ಜಪಾನಿ ರಾಕ್ ಕೇಳಲು ಹೋದ ಮಂಡಿಗಳು

ನಾವಿರುವ ಅರೋರಾದಿಂದ ಟೊರಾಂಟೊ ಪೇಟೆಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಹಿರಿಯರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಉಂಟು. ಮಾರ್ಚ್ ತಿಂಗಳ ಶನಿವಾರ. ಮಳೆಯೂ ಅಲ್ಲದ, ಹಿಮವೂ ಅಲ್ಲದ ತಣ್ಣನೆಯ ರಾಡಿ ಬೀಳುತ್ತಿತ್ತು. ನಾನು ಮತ್ತು ನನ್ನ ಹೆಂಡತಿ ಸರೋಜ ಜಪಾನಿ ರಾಕ್ ಸಂಗೀತದ ಹಬ್ಬಕ್ಕೆ ಹೊರಟಿದ್ದೆವು. ಈ ವಯಸ್ಸಿಗೆ ಇದೆಲ್ಲ ಸಲ್ಲುತ್ತದೆಯೇ ಎಂದು ಕೇಳುವವರಿಗೆ ಹೋಗಿ ಬಂದವನಾಗಿ ಹೇಳುತ್ತೇನೆ, ಧಾರಾಳವಾಗಿ ಸಲ್ಲುತ್ತದೆ. ಬುತ್ತಿ ಮಾತ್ರ ಒಯ್ಯಬೇಡಿ, ಒಳಗೆ ಬಿಡುವುದಿಲ್ಲ. ನಮ್ಮ ಪುಳಿಯೋಗರೆಯನ್ನು ಬಾಗಿಲ ಹೊರಗೆ ನಿಂತೇ ಮುಗಿಸಬೇಕಾಯಿತು.

ಈ ಹುಚ್ಚು ಸರೋಜಳದು. ರೆಕ್ಸ್‌ಡೇಲಿನ ಬಿಸ್ಕತ್ತು ಕಾರ್ಖಾನೆಯಲ್ಲಿ ಅವಳು ಪ್ಯಾಕಿಂಗ್ ಮಾಡುತ್ತಿದ್ದಾಗ, ಪಕ್ಕದಲ್ಲಿ ನಿಲ್ಲುತ್ತಿದ್ದ ಯುಮಿಕೊ ಎಂಬ ಜಪಾನಿ ಹೆಂಗಸು ಊಟದ ಬಿಡುವಿನಲ್ಲಿ ತನ್ನ ಇಯರ್‌ಫೋನಿನ ಒಂದು ತುದಿಯನ್ನು ಇವಳ ಕಿವಿಗೆ ಕೊಟ್ಟಳಂತೆ. ಅಂದಿನಿಂದ ಒಸಾಕಾದ ನಾಲ್ವರು ಹುಡುಗಿಯರ ತಂಡವೊಂದು ನಮ್ಮ ಅಡುಗೆಮನೆಯಲ್ಲಿ ದಿನಾ ಹಾಡುತ್ತದೆ. ಅವರ ಕೊನೆಯ ಹಾಡಿಗೆ ಕೇಳುಗರೆಲ್ಲ ತಲೆಯ ಮೇಲೆ ಹಳದಿ ಟವಲು ತಿರುಗಿಸುವುದು ಪದ್ಧತಿ. ಯುಮಿಕೊ ತನ್ನ ದೇಶಕ್ಕೆ ಮರಳುವಾಗ ಕೊಟ್ಟ ಅಂಥದೇ ಟವಲನ್ನು ಸರೋಜ ಬೇಸ್‌ಮೆಂಟಿನಲ್ಲಿ ತಿರುಗಿಸಿ ತಿರುಗಿಸಿ ಒಂದು ಬಲ್ಬು ಒಡೆದಿದ್ದಳು. ವೇದಿಕೆಯ ಮುಂದೆ, ಗುಂಪಿನ ನಡುವೆ ನಿಂತು ಅದನ್ನು ತಿರುಗಿಸಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಪೇಟೆಯ ದೊಡ್ಡ ನಿಲ್ದಾಣದಲ್ಲಿ ಇಳಿದಾಗ, “ಲಿಫ್ಟಲ್ಲಿ ಹೋಗೋಣ, ನಿನ್ನ ಮಂಡಿಗೆ ಒಳ್ಳೇದು” ಎಂದೆ. ಅವಳು ನಕ್ಕು ಜೊತೆಗೆ ಬಂದಳು.

ಸಭಾಂಗಣ ವಿಮಾನ ನಿಲ್ಲಿಸುವಷ್ಟು ದೊಡ್ಡದು. ಸಾವಿರಾರು ಜನ ಇದ್ದರೂ ತಳ್ಳಾಟವಿಲ್ಲ. ಆದರೆ ಕುರ್ಚಿಯೂ ಇಲ್ಲ. ಸರೋಜ ಕೋಟುಗಳನ್ನು ಒಪ್ಪಿಸಿ ಬರಲು ಹೋದಾಗ, ಬಾಗಿಲಲ್ಲಿದ್ದ ಸ್ವಯಂಸೇವಕಿ ಪಂಜಾಬಿ ಹುಡುಗಿಗೆ ನನ್ನ ಹೆಂಡತಿಯ ಮಂಡಿ ಕೆಟ್ಟಿದೆ, ನಿಲ್ಲಲಾರಳು ಎಂದೆ. ಹುಡುಗಿ ನಿಲ್ಲಲಾಗದವರ ಜಾಗಕ್ಕೆಂದು ಕೈಗೆ ಕಟ್ಟುವ ಎರಡು ಹಸಿರು ಪಟ್ಟಿ ಕೊಟ್ಟಳು. ನಮ್ಮ ಟಿಕೆಟ್ಟಿಗೆ ಇದೇ ಜಾಗವಂತೆ ಎಂದು ಹೇಳಿ ಸರೋಜಳ ಕೈಗೆ ನಾನೇ ಪಟ್ಟಿ ಕಟ್ಟಿ, ಹಿಂಬದಿಯ ಎತ್ತರದ ಕಟ್ಟೆಯ ಮೇಲೆ ಹಾಕಿದ್ದ ಕುರ್ಚಿಯಲ್ಲಿ ಕೂರಿಸಿದೆ. ಮಧ್ಯಾಹ್ನವಿಡೀ ಮೂರು ತಂಡಗಳು ಬಾರಿಸಿದವು. ಡ್ರಮ್ಮಿನ ಏಟು ಕುರ್ಚಿಯ ಕಾಲಿನಿಂದ ಎದೆಗೆ ಹತ್ತುತ್ತಿತ್ತು, ನನಗೆ ಹಿಡಿಸಿತು. ಸರೋಜ ಟವಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

ಒಸಾಕಾದ ಹುಡುಗಿಯರ ಸರದಿಗೆ ಮುಂಚೆ ಆ ಪಂಜಾಬಿ ಹುಡುಗಿ ನೀರು ತಂದು, ಆಂಟೀಜಿ, ಮಂಡಿ ಹೇಗಿದೆ ಎಂದು ಹಿಂದಿಯಲ್ಲಿ ವಿಚಾರಿಸಿದಳು. ಸರೋಜ ನನ್ನ ಕಡೆ ತಿರುಗಿದಳು.

“ನನ್ನ ಮಂಡಿಗೆ ಏನಾಗಿದೆಯಂತೆ?”

ನನ್ನ ಕೈ ತಾನಾಗಿ ನನ್ನದೇ ಮಂಡಿಯ ಮೇಲೆ ಹೋಯಿತು. ಅವಳು ಅದನ್ನು ನೋಡಿದಳು.

“ನಿಮ್ಮ ನೋವನ್ನ ನನ್ನ ಕಾಲಿಗೆ ಕಟ್ಟಿದ್ರಾ? ಆ ಲಿಫ್ಟೂ ಇದಕ್ಕೇನಾ ರೀ?”

ಹೌದು. ನೋಯುತ್ತಿದ್ದದ್ದು ನನ್ನ ಮಂಡಿ. ಓಕ್‌ವಿಲ್‌ನ ಕಾರು ಕಾರ್ಖಾನೆಯಲ್ಲಿ ನಿಂತೇ ಸಂಸಾರ ಸಾಕಿದವನಿಗೆ, ಇನ್ನು ನಿಲ್ಲಲಾರೆ ಎನ್ನಲು ಬಾಯಿ ಬರಲಿಲ್ಲ. ಲಿಫ್ಟು ಕಂಡಲ್ಲೆಲ್ಲ ಅವಳ ಮಂಡಿಯ ಹೆಸರು ಹೇಳುತ್ತಿದ್ದೆ. ಅವಳು ಅದನ್ನು ಅಕ್ಕರೆ ಎಂದುಕೊಂಡಿದ್ದಳು.

ಹಸಿರು ಪಟ್ಟಿ ಇದ್ದವರನ್ನು ಗುಂಪಿನೊಳಗೆ ಬಿಡುತ್ತಿರಲಿಲ್ಲ. ನಾನೇ ಎದ್ದು ಹೋಗಿ ಆ ಹುಡುಗಿಗೆ, ನೋವು ನನ್ನದು, ಸುಳ್ಳು ಹೇಳಿದೆ ಎಂದೆ. ಅಂಕಲ್, ನಿಮ್ಮದೇ ಅಂದಿದ್ದರೂ ಕುರ್ಚಿ ಕೊಡುತ್ತಿದ್ದೆನಲ್ಲ ಎಂದು ಅವಳು ಸರೋಜಳ ಪಟ್ಟಿಯನ್ನು ಕತ್ತರಿಸಿದಳು. ಸರೋಜ ಹಿಂತಿರುಗಿ ನೋಡದೆ ಇಳಿದು ಹೋದಳು.

ಕೊನೆಯ ಹಾಡಿಗೆ ಸಭಾಂಗಣದ ತುಂಬ ಹಳದಿ ಟವಲುಗಳು ಎದ್ದವು. ಅವುಗಳಲ್ಲಿ ಅವಳದು ಯಾವುದೆಂದು ನನಗೆ ಕೊನೆಗೂ ಗೊತ್ತಾಗಲಿಲ್ಲ.

ವಾಪಸು ಬರುವಾಗ ನಿಲ್ದಾಣದ ಮೆಟ್ಟಿಲ ಬುಡದಲ್ಲಿ ನಿಂತೆ.

“ನಾನು ಲಿಫ್ಟಲ್ಲಿ ಬರ್ತೀನಿ ಕಣೇ. ನನಗೆ ಕಾಲು ನೋಯ್ತಿದೆ.”

ಅವಳು ತಲೆಯಾಡಿಸಿ ಮೆಟ್ಟಿಲು ಹತ್ತಿದಳು. ಮೇಲೆ ಲಿಫ್ಟಿನ ಬಾಗಿಲು ತೆರೆದಾಗ, ಬೆವರಿಗೆ ಒದ್ದೆಯಾದ ಟವಲನ್ನು ಹೆಗಲಿಗೆ ಹಾಕಿಕೊಂಡು ಎದುರಿಗೇ ನಿಂತಿದ್ದಳು.

“ಸೋಮವಾರ ಡಾಕ್ಟರಿಗೆ ಫೋನ್ ಮಾಡಿ” ಎಂದಳು. “ಯಾರ ಮಂಡಿ ಅಂತ ಸರಿಯಾಗಿ ಹೇಳಿ.”