ಬಂದು ಮುಟ್ಟಿದ್ರೇನ್ರಿ, ತಂಗಿ?

ಅವರ ಬಲಗೈ ಹೆಬ್ಬೆರಳಿಗೆ ಸದಾ ಒಂದು ಕಿತ್ತಳೆ ಬಣ್ಣದ ರಬ್ಬರ್ ಟೊಪ್ಪಿಗೆ. ಬ್ಯಾಂಕಿನಲ್ಲಿ ನೋಟು ಎಣಿಸುವವರು ಹಾಕಿಕೊಳ್ಳುತ್ತಾರಲ್ಲ, ಅಂಥದ್ದು. ಚಹಾ ಕುಡಿಯುವಾಗಲೂ ಅದನ್ನು ತೆಗೆದದ್ದು ನಾನು ಕಂಡಿಲ್ಲ. ಆ ಬೆರಳಿನಿಂದ ಅವರು ದಿನವಿಡೀ ಜನರ ಪಾಸ್‌ಪೋರ್ಟಿನ ಹಾಳೆ ತಿರುವುತ್ತಿದ್ದರು.

ಡಾಲಸ್ ಪಕ್ಕದ ರಿಚರ್ಡ್ಸನ್‌ನಲ್ಲಿ ಅವರ ಹೆಂಡತಿಯದು ದಿನಸಿ ಅಂಗಡಿ. ಹಿಂದುಗಡೆ, ಅಕ್ಕಿ ಮೂಟೆಗಳನ್ನು ದಾಟಿ ಹೋದರೆ ಇವರ ಕೋಣೆ. ಒಂದು ಕಂಪ್ಯೂಟರು, ಎರಡು ಫೋನು, ವಿಮಾನ ಕಂಪನಿಗಳ ಹಳೆಯ ಕ್ಯಾಲೆಂಡರುಗಳು. ಹುಬ್ಬಳ್ಳಿ ಕಡೆಯವರು. ವಿಮಾನದ ಟಿಕೆಟ್ ಮಾರುತ್ತಿದ್ದ ಅವರು ನಮಗೆಲ್ಲ ಬರೀ ಟಿಕೆಟ್ ಅಂಕಲ್.

ನಾನೋ ಹುಟ್ಟಾ ಅನುಮಾನದವಳು. ತರಕಾರಿಯವನು ಕೊಸರು ಹಾಕಿದರೆ ತೂಕದಲ್ಲೇ ಏನೋ ಮೋಸವಿರಬೇಕು ಎನ್ನುತ್ತಿದ್ದ ಮೈಸೂರಿನ ಅಜ್ಜಿಯ ಮೊಮ್ಮಗಳು. ಎರಡು ಸಾವಿರದ ಎರಡೋ ಮೂರೋ ಇರಬೇಕು. ಥ್ಯಾಂಕ್ಸ್‌ಗಿವಿಂಗ್ ರಜೆಗೆ ನಾಲ್ಕು ದಿನ ಪ್ಯಾರಿಸ್ಸಿಗೆ ಹೋಗಿಬರೋಣ ಎಂದು ನಾನೂ ನನ್ನ ಗಂಡನೂ ಗೊತ್ತುಮಾಡಿದ್ದೆವು. ಮದುವೆಯಾದ ಹೊಸತರಲ್ಲಿ ಎಲ್ಲಿಗೂ ಹೋಗಿರಲಿಲ್ಲ. ಮೂರು ವಾರ ವೆಬ್‌ಸೈಟುಗಳನ್ನು ಜಾಲಾಡಿ, ಮಂಗಳವಾರ ಅಗ್ಗವೋ ಬುಧವಾರವೋ, ಡಾಲಸ್ಸಿನಿಂದ ಹೊರಟರೆ ಲಾಭವೋ ಹ್ಯೂಸ್ಟನ್ನಿಗೆ ಡ್ರೈವ್ ಮಾಡಿ ಅಲ್ಲಿಂದ ಹಾರಿದರೆ ಲಾಭವೋ ಎಂದು ಲೆಕ್ಕ ಹಾಕಿ, ಕೊನೆಗೆ ನಂಬಲಾಗದಷ್ಟು ಅಗ್ಗದ ಒಂದು ಟಿಕೆಟ್ ಹಿಡಿದಿದ್ದೆ. ಆ ದರ ಅವತ್ತು ಸಂಜೆಯವರೆಗೆ ಮಾತ್ರ. ಒಮ್ಮೆ ಕೊಂಡರೆ ವಾಪಸ್ಸಿಲ್ಲ.

"ಅಂಕಲ್ ಇನ್ನೂ ಕಡಿಮೆಗೆ ಕೊಡ್ತಾರೇನೋ, ಒಂದು ಮಾತು ಕೇಳ್ಕೊಂಡು ಬರೋಣ ಬಾರೆ" ಎಂದ ಗಂಡ.

ಅಂಕಲ್ ನನ್ನ ಪ್ರಿಂಟೌಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಇದು ಗಾಳ ರೀ" ಎಂದರು. ಆಮೇಲೆ ಕೈ ಚಾಚಿ, "ಪಾಸ್‌ಪೋರ್ಟ್ ಕೊಡ್ರಿ."

"ರೇಟ್ ಹೇಳೋಕೆ ಪಾಸ್‌ಪೋರ್ಟ್ ಯಾಕೆ ಅಂಕಲ್?"

"ಹೋಗೂದು ಯಾವಾಗ್ಲೂ ಸಸ್ತಾನ ಇರ್ತದ್ರಿ ತಂಗಿ. ಮೊದಲ ಬರೂ ಹಾದಿ ನೋಡಬೇಕು."

ಒಗಟಿನ ಮಾತಾಡುವವರನ್ನು ಕಂಡರೆ ನನಗಾಗದು. ಫ್ರಾನ್ಸಿನ ವೀಸಾಕ್ಕೆಂದು ಚೀಲದಲ್ಲಿಟ್ಟುಕೊಂಡಿದ್ದ ನನ್ನ ಪಾಸ್‌ಪೋರ್ಟ್ ತೆಗೆದುಕೊಂಡು ಅವರು ಒಳಗಿನ ಕೋಣೆಗೆ ಹೋದರು. ಬಾಗಿಲು ಅರ್ಧ ಮುಚ್ಚಿತು. ಜೆರಾಕ್ಸ್ ಯಂತ್ರದ ಸದ್ದು. ಫೋನಿನಲ್ಲಿ ಯಾರೊಡನೆಯೋ ಹಿಂದಿಯಲ್ಲಿ ಪಿಸುಪಿಸು. ನನ್ನ ಪಾಸ್‌ಪೋರ್ಟಿನ ಹೆಸರಲ್ಲಿ ಇನ್ಯಾರನ್ನೋ ಕಳಿಸುವ ದಂಧೆ ಇರಬಹುದೇ, ಒಂದು ಹಾಳೆ ಕಿತ್ತುಕೊಂಡರೆ ಯಾರಿಗೆ ಹೇಳುವುದು ಎಂದೆಲ್ಲ ನನ್ನ ತಲೆ ಓಡಿತು. ಗಂಡ ನಿಶ್ಚಿಂತೆಯಾಗಿ ಕಡಲೆಕಾಯಿ ತಿನ್ನುತ್ತಿದ್ದ. ಅವನ ಮೇಲೂ ಸಿಟ್ಟು ಬಂತು.

ಅವರು ಪಾಸ್‌ಪೋರ್ಟ್ ತಂದುಕೊಟ್ಟ ಕೂಡಲೇ ನಾನು ಮೇಜಿನ ಕೆಳಗೆ ಇಟ್ಟುಕೊಂಡು ಒಂದೊಂದೇ ಪುಟ ಎಣಿಸಿದೆ.

"ಮೂವತ್ತಾರೂ ಅದಾವಲ್ಲಾ?" ಎಂದರು, ತಲೆಯೆತ್ತದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರಂತೆ ನಾನು ಪಾಸ್‌ಪೋರ್ಟನ್ನು ಚೀಲಕ್ಕೆ ತುರುಕಿದೆ.

"ತೆಗೀರಿ ಹೊರಗ. ಎಣಿಸೂದು ಎಣಿಸೀರಿ, ಓದೂದು ಬಿಟ್ಟೀರಿ. ನಿಮ್ಮ ಅಮೆರಿಕಾ ವೀಸಾದ ಮ್ಯಾಲಿನ ತಾರೀಖು ಓದ್ರಿ."

ಓದಿದೆ. ಅದು ಬೇಸಿಗೆಯಲ್ಲೇ ಮುಗಿದಿತ್ತು. ಕಂಪನಿಯವರು ನನ್ನ ಕೆಲಸದ ಅನುಮತಿಯನ್ನು ಮೂರು ವರ್ಷ ಮುಂದುವರಿಸಿದ ಕಾಗದ ಮನೆಯಲ್ಲಿತ್ತು. ಅದೊಂದಿದ್ದರೆ ಸಾಕು ಎಂದುಕೊಂಡಿದ್ದೆ. ಆ ಕಾಗದದಿಂದ ಟೆಕ್ಸಸ್‌ನಲ್ಲಿ ಇರಬಹುದು, ದುಡಿಯಬಹುದು. ದೇಶ ದಾಟಿ ಹೋದರೆ ಮಾತ್ರ, ಪಾಸ್‌ಪೋರ್ಟಿನಲ್ಲಿ ಹೊಸ ವೀಸಾದ ಮುದ್ರೆ ಬೀಳದೆ ಒಳಗೆ ಬರುವಂತಿಲ್ಲ. ಆ ವರ್ಷ ನಮ್ಮ ಆಫೀಸಿನಲ್ಲಿ ವಾರಕ್ಕೊಬ್ಬರ ಮೇಜು ಖಾಲಿಯಾಗುತ್ತಿತ್ತು. ನಾನು ಪ್ಯಾರಿಸ್ಸಿನಲ್ಲಿ ಸಿಕ್ಕಿಕೊಂಡಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ನನ್ನ ವೀಸಾವನ್ನೇ ನೆಚ್ಚಿಕೊಂಡಿದ್ದ ಗಂಡನೂ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು.

"ಇವತ್ತ ನಿಮಗ ಟಿಕೆಟ್ ಮಾರೂದಿಲ್ಲ" ಎಂದರು ಅಂಕಲ್. "ಮುಂದಿನ ವರ್ಷ ಊರಿಗೆ ಹೋಗ್ರಿ, ಚೆನ್ನೈದಾಗ ಮುದ್ರಿ ಒತ್ತಿಸ್ಕೊಳ್ರಿ. ವಾಪಸ್ ಬರೂ ಮುಂದ ಅದ ಟಿಕೆಟ್‌ನಾಗ ಪ್ಯಾರಿಸ್‌ದಾಗ ನಾಕು ದಿನ ಇಳಸ್ತೀನಿ. ನಿಮ್ಮ ಗಾಳಕ್ಕಿಂತ ಸಸ್ತಾ ಬೀಳ್ತದ."

ಅಷ್ಟಾದರೂ ನನ್ನ ಬುದ್ಧಿ ನೋಡಿ. ಕಾರಿನಲ್ಲಿ ಕುಳಿತ ಮೇಲೆ, ಊರಿನ ದೊಡ್ಡ ಟಿಕೆಟ್ ಮಾರುವುದಕ್ಕೆ ಹೂಡಿದ ಆಟ ಇದು ಎಂದು ಗಂಡನಿಗೆ ಹೇಳಿದೆ. ಅವರು ಹೇಳಿದ್ದೆಲ್ಲ ನಿಜ ಎಂದು ಆಫೀಸಿನ ವಕೀಲರು ಹೇಳಿದ ಮೇಲೆಯೇ ಬಾಯಿ ಮುಚ್ಚಿದ್ದು.

ಮರುವರ್ಷ ಅಂಕಲ್ ಅಂದಂತೆಯೇ ಪ್ಯಾರಿಸ್ ನೋಡಿದೆವು. ಹಿಂತಿರುಗಿದ ದಿನವೇ ಫೋನ್: "ಬಂದು ಮುಟ್ಟಿದ್ರೇನ್ರಿ, ತಂಗಿ?" ಮುಂದಿನ ವ್ಯಾಪಾರಕ್ಕೆ ಪೀಠಿಕೆ ಎಂದುಕೊಂಡೆ. ಒಂದು ದಿನ ಅಂಗಡಿಯಲ್ಲಿ ಬೇಳೆ ಕೊಳ್ಳುವಾಗ ಅದನ್ನೇ ನಗುತ್ತಾ ಆಂಟಿಗೆ ಹೇಳಿದೆ. ಅವರು ನಗಲಿಲ್ಲ.

"ಹೊಸದಾಗಿ ದಂಧೆ ಸುರು ಮಾಡಿದಾಗ ಒಂದು ಜೋಡಿಗೆ ಸಸ್ತಾ ಟಿಕೆಟ್ ಮಾರಿದ್ರು, ವೀಸಾ ನೋಡಲಾರ್ದ. ಬರೂ ಮುಂದ ಫ್ರಾಂಕ್‌ಫರ್ಟ್‌ದಾಗ ಆ ಹುಡುಗಿನ ತಡದ್ರು. ಗಂಡ ಒಬ್ಬಾವನ ಮೊಲಿ ಕುಡಿಯೂ ಕೂಸು ಕಟ್ಕೊಂಡು ಬಂದ. ಐದು ವಾರ ಹಗಲೆಲ್ಲಾ ಆ ಕೂಸಿಗೆ ಇಲ್ಲೇ ನಾನ ಬಾಟ್ಲಿ ಹಾಲು ಕುಡಿಸೀನಿ. ಅವತ್ತಿಂದ ಇವ್ರಿಗೆ ಸಸ್ತಾ ಅಂದ್ರ ಸಂಶೆ. ಎಲ್ಲಾರೂ ಮನಿ ಮುಟ್ಟೂತನಕ ಸಮಾಧಾನ ಇಲ್ಲ."

ನನಗೆ ನಾಚಿಕೆಯಾಯಿತು. ಅಂಕಲ್ ಅವರ ಅನುಮಾನ ನಮ್ಮ ಸಲುವಾಗಿತ್ತು. ನನ್ನದು ನನ್ನ ಸಲುವಾಗಿಯೇ ಇತ್ತು. ಆಮೇಲಿನ ವರ್ಷಗಳಲ್ಲಿ ಪ್ರಾಗ್, ಲಿಸ್ಬನ್, ವಿಯೆನ್ನಾ, ಎಲ್ಲಕ್ಕೂ ಅವರ ಹತ್ತಿರವೇ ಟಿಕೆಟ್ ತೆಗೆದುಕೊಂಡೆ. ಹೊರಗೆ ಅಗ್ಗಕ್ಕೆ ಸಿಕ್ಕಿದಾಗಲೂ.

ಕೊನೆಯ ಸಲ ರೋಮಿಗೆ ಹೋದಾಗ ಭಾನುವಾರ ಮಧ್ಯಾಹ್ನ ಮನೆ ಸೇರಿದೆವು. ಅನ್ಸರಿಂಗ್ ಮೆಷೀನಿನಲ್ಲಿ ಅವರ ದನಿ ಕಾದಿತ್ತು, ಸ್ವಲ್ಪ ಬಳಲಿದಂತೆ: "ಬಂದು ಮುಟ್ಟಿದ್ರೇನ್ರಿ, ತಂಗಿ? ಒಂದು ಫೋನ್ ಹಚ್ಚರಿ." ನಿದ್ದೆ ಎಳೆಯುತ್ತಿತ್ತು, ನಾಳೆ ಮಾಡಿದರಾಯಿತು ಎಂದುಕೊಂಡೆ. ಸೋಮವಾರ ಆಫೀಸು. ಮಂಗಳವಾರ ಬೆಳಿಗ್ಗೆ ಮಾಡಿದೆ. ಆಂಟಿ ಎತ್ತಿಕೊಂಡರು. ಸೋಮವಾರ ಸಂಜೆ ಆಸ್ಪತ್ರೆಯಲ್ಲಿ ಅಂಕಲ್ ಅವರ ಹೃದಯ ನಿಂತಿತ್ತು.

"ಎರಡ ದಿನದಿಂದ ಕೇಳಾಕತ್ತಿದ್ರು, ರೋಮಿಗೆ ಹೋದವ್ರು ಬಂದ್ರೇನು ಅಂತ" ಎಂದರು ಆಂಟಿ. ಅಳು ತಡೆದುಕೊಂಡು ಕೇಳಿದರು, "ಯಾವಾಗ ಬಂದ್ರಿ, ತಂಗಿ?"

"ಈಗ ತಾನೇ ಬಂದ್ವಿ ಆಂಟಿ" ಎಂದೆ.

ಅವರು ಅನುಮಾನಪಡಲಿಲ್ಲ.