ಹನ್ನೆರಡನೇ ದೋಷ

ಬಸ್ಸಿನಲ್ಲಿ ಟಿಕೆಟ್ ಪರೀಕ್ಷಿಸುತ್ತಾ ಇಪ್ಪತ್ತೆರಡು ವರ್ಷ ಸವೆಸಿದ ಹೆಂಗಸಿಗೆ ಜನರನ್ನು ನಂಬು ಎಂದು ಹೇಳಿ ನೋಡಿ. ಅವಳು ನಿಮ್ಮ ಮುಖ ನೋಡುವುದಿಲ್ಲ, ಮೊದಲು ಕಾಲು ನೋಡುತ್ತಾಳೆ. ಟಿಕೆಟ್ ಇಲ್ಲದವನ ಮುಖ ಎಷ್ಟೇ ಶಾಂತವಾಗಿದ್ದರೂ ಕಾಲಿನ ಹೆಬ್ಬೆರಳು ಬಾಗಿಲ ಕಡೆಗೇ ತಿರುಗಿರುತ್ತದಂತೆ. ಡಿಪೋದಲ್ಲಿ ಎಲ್ಲರೂ ಅವಳನ್ನು ಚೆಕಿಂಗ್ ಅಕ್ಕ ಎನ್ನುತ್ತಾರೆ. ಆ ಹೆಸರು ಮನೆಯವರೆಗೂ ಬಂದು ಅಲ್ಲೇ ಉಳಿದುಬಿಟ್ಟಿತು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಇನ್ನೊಬ್ಬ ವೈದ್ಯರಿಗೆ ತೋರಿಸಿಯೇ ನುಂಗುವವಳು ಅವಳು. ಅಕ್ಕನಿಗೆ ಮೊಸರಲ್ಲಿ ಕಲ್ಲು ಸಿಗದಿದ್ದರೆ ಮೊಸರಿನ ಮೇಲೇ ಅನುಮಾನ ಶುರುವಾಗುತ್ತದೆ ಎಂದು ಅವಳ ತಮ್ಮ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ.

ಶನಿವಾರ ಸಂಜೆ ಮಾತ್ರ ಅವಳು ಬೇರೆಯೇ ಹೆಂಗಸು. ಸ್ಟೇಷನ್ ಎದುರಿನ ಹೋಟೆಲಿನ ಹಾಲ್‌ನಲ್ಲಿ ಐದು ಜನರ ಆರ್ಕೆಸ್ಟ್ರಾ ಒಂದಿದೆ. ತಮ್ಮ ಡ್ರಮ್ಸ್, ಅವಳು ಬೇಸ್ ಗಿಟಾರ್. ನಾಲ್ಕೇ ದಪ್ಪ ತಂತಿ, ಹೊಟ್ಟೆಯೊಳಗಿಂದ ಬಂದಂಥ ತಗ್ಗಿನ ದನಿ. ಕೇಳುವವರು ಹಾಡುವವಳನ್ನು ಹೊಗಳುತ್ತಾರೆ, ಕೀಬೋರ್ಡಿನವನಿಗೆ ಚಪ್ಪಾಳೆ ತಟ್ಟುತ್ತಾರೆ, ಮೂಲೆಯಲ್ಲಿ ನಿಂತ ಇವಳ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅವಳಿಗೆ ಬೇಕಾದದ್ದೂ ಅದೇ. ವಾರವಿಡೀ ಅವಳು ಬಸ್ಸು ಹತ್ತಿದರೆ ಸಾಕು, ಜನರ ಮುಖ ಬಾಡುತ್ತದೆ. ಇಲ್ಲಿ ಅವಳು ಬಾರಿಸುತ್ತಿದ್ದರೆ ಜನರ ಕಾಲು ತಾನಾಗಿ ತಾಳ ಹಾಕುತ್ತದೆ. ಹದಿನೆಂಟು ವರ್ಷದಿಂದ ಆ ಮೂಲೆ ಅವಳದು, ಬದುಕಿನಲ್ಲಿ ಅವಳು ಪ್ರೀತಿಯಿಂದ ಹಿಡಿದುಕೊಂಡ ಜಾಗ ಅದೊಂದೇ.

ಆ ಮೂಲೆಗೇ ಈಗ ಸಂಚಕಾರ ಬಂದಿತ್ತು. ಅವಳ ಹಳೆಯ ಬೇಸ್‌ನ ಕತ್ತು ತಿರುಚಿಕೊಂಡು, ಯಾವ ರಿಪೇರಿಗೂ ಬಗ್ಗದೆ, ಪ್ರತಿ ಸ್ವರವೂ ಹಲ್ಲುನೋವಿನವನಂತೆ ನರಳುತ್ತಿತ್ತು. ನಾಲ್ಕು ತಿಂಗಳಿಂದ ಸೆಕೆಂಡ್‌ಹ್ಯಾಂಡ್ ಬೇಸ್ ಹುಡುಕುತ್ತಲೇ ಇದ್ದಳು. ಹದಿನಾರು ನೋಡಿದ್ದಳು, ಹದಿನಾರನ್ನೂ ಬೇಡವೆಂದಿದ್ದಳು. ಒಂದರಲ್ಲಿ ಬಣ್ಣದ ಕೆಳಗೆ ಬಿರುಕು ಕಂಡಿತು, ಇನ್ನೊಂದರಲ್ಲಿ ಏನೂ ಕಾಣಲಿಲ್ಲವೆಂದೇ ಅನುಮಾನ ಬಂತು.

"ಅಕ್ಕಾ, ನೀನು ಬೇಸ್ ತಗೊಳ್ತಿದ್ದೀಯೋ ಇಲ್ಲ ಅಳಿಯನ್ನ ಹುಡುಕ್ತಿದ್ದೀಯೋ?" ಎಂದ ತಮ್ಮ ಆ ವಾರ. "ಶನಿವಾರ ಹೋಟೆಲಿನ ಹೊಸ ಮ್ಯಾನೇಜರ್ ನಮ್ಮನ್ನ ಕೇಳೋಕೆ ಬರ್ತಾರೆ. ಕೀಬೋರ್ಡಿನವನ ಭಾವಮೈದ ಬೇಸ್ ಎತ್ಕೊಂಡು ಬಾಗಿಲಲ್ಲೇ ನಿಂತಿದಾನೆ. ಶನಿವಾರಕ್ಕೆ ನಿನ್ನ ಕೈಯಲ್ಲಿ ಒಳ್ಳೇ ಬೇಸ್ ಇಲ್ಲ ಅಂದ್ರೆ ನಾನೂ ಏನೂ ಮಾಡೋಕಾಗಲ್ಲ."

ಒಡಹುಟ್ಟಿದವನ ಬಾಯಲ್ಲೇ ಆ ಮಾತು ಬಂದಾಗ ಅವಳಿಗೆ ಅನ್ನ ಇಳಿಯಲಿಲ್ಲ.

ಗುರುವಾರ ಡ್ಯೂಟಿ ಮುಗಿಸಿ ವಾದ್ಯದ ಅಂಗಡಿಗೆ ಹೋದಳು. ಹೆಗಲ ಚೀಲದಲ್ಲಿ ಅವಳ ಸರಂಜಾಮು: ಸ್ವಂತ ಕೇಬಲ್, ಬ್ಯಾಟರಿಯಲ್ಲಿ ನಡೆಯುವ ಅಂಗೈಯಗಲದ ಆಂಪ್ಲಿಫೈಯರ್, ಸ್ಟೀಲಿನ ಅಳತೆಪಟ್ಟಿ, ತೂಗುಹಾಕಿ ತೂಕ ನೋಡುವ ಸ್ಪ್ರಿಂಗ್ ತಕ್ಕಡಿ, ದೋಷ ಬರೆದುಕೊಳ್ಳುವ ನೋಟ್‌ಬುಕ್. ಅಂಗಡಿಯವನು ಕೆಂಪು ಬೇಸ್ ಒಂದನ್ನು ಎತ್ತಿಕೊಂಡ. ಮುಖ ನೋಡಿಕೊಳ್ಳುವಷ್ಟು ಹೊಳಪು. ತನ್ನ ಆಳೆತ್ತರದ ಆಂಪ್ಲಿಫೈಯರ್‌ಗೆ ಸಿಕ್ಕಿಸಿ ಎರಡು ಸ್ವರ ಬಾರಿಸಿದ. ಗಾಜಿನ ಬಾಗಿಲು ನಡುಗಿತು.

"ಒಬ್ಬರೇ ಬಳಸಿದ್ದು ಮೇಡಂ. ಅದೂ ಮನೇಲೇ."

"ಹೌದಾ. ನನ್ನದಕ್ಕೆ ಸಿಕ್ಕಿಸ್ತೀನಿ ಕೊಡಿ."

ಅವನ ಕಾಲು ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ಅವಳು ನೋಡಿದಳು. ತನ್ನ ಪುಟ್ಟ ಆಂಪ್ಲಿಫೈಯರ್‌ನಲ್ಲಿ ಬಾರಿಸಿದಾಗ ಕತ್ತಿನ ಮೇಲಿನ ಐದನೇ ಸ್ವರಮನೆಯಿಂದ ಏಳನೆಯದರವರೆಗೆ ತಂತಿ ಜಿರ್ರ್ ಎಂದಿತು. ಬೆರಳಿಟ್ಟು ನೋಡಿದಳು. ಸವೆದ ಫ್ರೆಟ್‌ಗಳನ್ನು, ಕತ್ತಿನ ಮೇಲಿನ ಆ ಲೋಹದ ಅಡ್ಡಪಟ್ಟಿಗಳನ್ನು, ಅರದಿಂದ ಉಜ್ಜಿ ತಗ್ಗಿಸಿದ್ದರು. ಅಂಗಡಿಯವನ ದೊಡ್ಡ ಪೆಟ್ಟಿಗೆ ಆ ಜಿರ್ರೆನ್ನುವುದನ್ನೆಲ್ಲ ನುಂಗಿಕೊಂಡಿತ್ತು. ಮೇಲೆ ಥಳಕು, ಒಳಗೆ ಹುಳುಕು. ಆದರೂ ಹೇಗೋ ಶನಿವಾರ ದಾಟಿಸಬಹುದು. ನಾಳೆ ಸಂಜೆವರೆಗೆ ಯಾರಿಗೂ ಕೊಡಬೇಡಿ ಎಂದು ಹೇಳಿ ಹೊರಬಂದಳು.

ಶುಕ್ರವಾರ ಅವಳ ರಜೆ. ಪತ್ರಿಕೆಯಲ್ಲಿದ್ದ ಎರಡು ಸಾಲಿನ ಜಾಹೀರಾತು ಹಿಡಿದು ವರ್ಕ್‌ಶಾಪ್‌ಗಳ ಓಣಿಯಲ್ಲಿ ಒಂದು ಮನೆ ಹುಡುಕಿದಳು. ಕೆಳಗೆ ಕಬ್ಬಿಣ ಕಡೆಯುವ ಲೇತ್ ಮೆಷಿನ್ನಿನ ಶೆಡ್ಡು, ಮೇಲೆ ಎರಡು ಕೋಣೆ. ಬಾಗಿಲು ತೆರೆದವರು ಲೇತ್ ಕೆಲಸದ ಹಿರಿಯರು, ಅರವತ್ತರ ಆಸುಪಾಸು, ಉಗುರಿನ ಸಂದಿನಲ್ಲಿ ತೊಳೆದರೂ ಹೋಗದ ಎಣ್ಣೆಮಸಿ. ಗೋಡೆಗೆ ಒರಗಿಸಿದ್ದ ಕಪ್ಪು ಬೇಸನ್ನು ತಂದು ಅವಳ ಮುಂದೆ ಮಲಗಿಸಿ, ಅವಳು ಕೇಳುವ ಮೊದಲೇ ತಾವೇ ಶುರುಮಾಡಿದರು.

"ಮೊದಲೇ ಹೇಳ್ಬಿಡ್ತೀನಿ ತಾಯಿ, ಇದರಲ್ಲಿ ಹನ್ನೊಂದು ದೋಷ ಇದೆ. ಭಾರ ಜಾಸ್ತಿ, ಹೆಗಲು ನೋಯುತ್ತೆ. ವಾಲ್ಯೂಮ್ ಗುಂಡಿ ತಿರುಗಿಸಿದ್ರೆ ಕರಕರ ಅನ್ನುತ್ತೆ. ಬೆಲ್ಟ್ ಸಿಕ್ಕಿಸೋ ಗುಂಡಿ ನಾನೇ ಲೇತ್‌ನಲ್ಲಿ ಮಾಡಿದ್ದು, ಒರಿಜಿನಲ್ ಅಲ್ಲ..."

ಹೀಗೆ ಬೆರಳು ಮಡಿಸುತ್ತಾ ಹನ್ನೊಂದನ್ನೂ ಹೇಳಿದರು. ಬೇರೆಯವರಾಗಿದ್ದರೆ ಎಂಥ ಸತ್ಯವಂತ ಎಂದು ಕೈಮುಗಿಯುತ್ತಿದ್ದರು. ನಮ್ಮ ಅಕ್ಕನಿಗೆ ಮೈಯೆಲ್ಲ ಅನುಮಾನ. ಕೇಳುವ ಮೊದಲೇ ಟಿಕೆಟ್ ಮುಂದೆ ಹಿಡಿಯುವವನ ಕೈಯಲ್ಲಿರುವುದು ನಿನ್ನೆಯ ಟಿಕೆಟ್ ಎಂಬುದು ಅವಳ ಸರ್ವೀಸಿನ ಮೊದಲ ಪಾಠ. ಸಣ್ಣದನ್ನು ಹನ್ನೊಂದು ಹೇಳಿದರೆ ದೊಡ್ಡದೊಂದು ಅಡಗಿದೆ ಎಂದೇ ಅರ್ಥ. ಜೊತೆಗೆ ಈ ಮನುಷ್ಯ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುತ್ತಿರಲಿಲ್ಲ. ಅವಳು ಬಾಯಿ ತೆರೆದಾಗಲೆಲ್ಲ ಬಾಯಿಯ ಹತ್ತಿರವೇ ನೋಡುತ್ತಿದ್ದರು.

ತೂಗಿದಳು, ಹೌದು, ಭಾರವಿತ್ತು. ಕತ್ತಿನುದ್ದಕ್ಕೂ ಅಳತೆಪಟ್ಟಿ ಇಟ್ಟು ಒಂದು ಕಣ್ಣು ಮುಚ್ಚಿ ನೋಡಿದಳು, ನೂಲು ಹಿಡಿದಂತೆ ನೇರ. ಫ್ರೆಟ್‌ಗಳು ಸರಿಯಾಗಿದ್ದವು. ಮನಸ್ಸಿಗೆ ಒಂಥರಾ ನಿರಾಸೆಯೇ ಆಯಿತು. ಆಗ ಬೆರಳಿಗೆ ಸಿಕ್ಕಿತು. ಬೇಸ್‌ನ ಮೈಯಿಂದ ಮುಂದಕ್ಕೆ ಚಾಚಿದ ಮೇಲಿನ ಕೊಂಬಿನ ತುದಿಯಲ್ಲಿ ಬಣ್ಣ ಹೋಗಿ, ಮರದಲ್ಲಿ ಸಾಲಾಗಿ ತಗ್ಗುಗಳು. ಮೇಲೊಂದು ಸಾಲು, ಕೆಳಗೊಂದು ಸಾಲು. ಕೊಂಬು ಮುರಿದಾಗ ಅಂಟು ಹಾಕಿ ಬಿಗಿಹಿಡಿದ ಇಕ್ಕಳದ ಗುರುತೇ ಇರಬೇಕು.

"ಇದೇನು ಸಾರ್? ಹನ್ನೊಂದರಲ್ಲಿ ಇದು ಬರಲಿಲ್ಲ."

ಅವರ ಮುಖ ಸಣ್ಣಗಾಯಿತು. "ಅದು ಗಿಟಾರಿನ ದೋಷ ಅಲ್ಲ. ಬಿಡಿ."

"ಯಾಕೆ ಮಾರ್ತಿದೀರಿ?"

"ಸಾಕಾಯ್ತು. ಮೂವತ್ತು ವರ್ಷ ಬಾರಿಸಿದೆ."

ಸಾಕಾಯ್ತಂತೆ. ಮೂವತ್ತು ವರ್ಷ ಹಿಡಿದುಕೊಂಡದ್ದು ಒಂದು ಬೆಳಿಗ್ಗೆ ಎದ್ದು ಸಾಕಾಗುತ್ತದೆಯೇ? ತನಗೆ ಸಾಕಾಗುತ್ತದೆಯೇ? ಇದು ಇವರದ್ದೇ ಅಲ್ಲವೇನೋ ಎಂಬ ಯೋಚನೆ ಆಗ ಬಂತು. ಬಂದದ್ದು ಹೋಗಲಿಲ್ಲ.

ಬೆನ್ನಿನ ಸ್ಕ್ರೂ ಬಿಚ್ಚಿ ನೋಡಬೇಕು, ಸ್ಕ್ರೂಡ್ರೈವರ್ ಇದ್ದರೆ ಕೊಡಿ ಎಂದಳು. ಹಿರಿಯರು ಒಳಗೆ ಹೋದರು. ಅವರು ಅತ್ತ ಹೋದದ್ದೇ ತಡ, ಅವಳು ಮೂರನೇ ತಂತಿಯ ಬಿರಡೆಯನ್ನು ಮುಕ್ಕಾಲು ಸುತ್ತು ಸಡಿಲಿಸಿದಳು. ಅವರು ಬರುವಷ್ಟರಲ್ಲಿ ಶ್ರುತಿ ತಪ್ಪಿದ ಆ ಬೇಸಿನಲ್ಲಿ ಒಂದು ಪೂರ್ತಿ ಹಾಡು ಬಾರಿಸುತ್ತಾ ಕೂತಿದ್ದಳು. ಸಂಗೀತದ ಗಂಧಗಾಳಿ ಇಲ್ಲದವರೂ ಸಾಕು ನಿಲ್ಲಿಸಮ್ಮ ಎನ್ನಬೇಕು, ಅಷ್ಟು ಅಪಸ್ವರ. ಹಿರಿಯರು ಎದುರಿಗೆ ಕೂತು, ಅವಳ ಬೆರಳನ್ನೇ ನೋಡುತ್ತಾ ತಲೆದೂಗಿದರು.

"ಶ್ರುತಿ ಸರಿಯಾಗಿದೆಯಾ ಸಾರ್?"

"ಸರಿಯಾಗಿದೆ ತಾಯಿ. ಒಳ್ಳೇ ಕೈ ನಿಮ್ಮದು."

ಸಿಕ್ಕಿಬಿದ್ದ ಎಂದುಕೊಂಡಳು. ಮನಸ್ಸಿನಲ್ಲೇ 'ಅವರು' ಹೋಗಿ 'ಅವನು' ಬಂದಿತ್ತು. ಬೇಸ್ ಹಿಡಿದು ಗೊತ್ತಿಲ್ಲದ ಮನುಷ್ಯ, ಮೂವತ್ತು ವರ್ಷದ ಕಥೆ ಕಟ್ಟುತ್ತಿದ್ದಾನೆ. ಅವರು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು ಕಿಟಕಿ ತೆರೆಯಲು ಆ ಕಡೆ ತಿರುಗಿದಾಗ, ಬಸ್ಸಿನಲ್ಲಿ ಮಾತಾಡುವ ದನಿಯಲ್ಲಿ ಅವರ ಬೆನ್ನಿಗೇ ಹೇಳಿದಳು.

"ಇದು ನಿಮ್ಮದಲ್ಲ. ಎಲ್ಲಿಂದ ಕದ್ದಿದ್ದು ಅಂತ ಮರ್ಯಾದೆಯಾಗಿ ಹೇಳಿ."

ಅವರು ತಿರುಗಲಿಲ್ಲ. ಕಿಟಕಿಯ ಚಿಲಕದ ಜೊತೆ ಗುದ್ದಾಡುತ್ತಲೇ ಇದ್ದರು. ಕೇಳಿಸದವರಂತೆ ನಟಿಸುವುದು ಟಿಕೆಟ್ ಇಲ್ಲದವರ ಹಳೇ ಆಟ. ಎಷ್ಟು ಜನರನ್ನು ನೋಡಿಲ್ಲ ಅವಳು.

"ನಿಮ್ಮನ್ನೇ ಕೇಳ್ತಿರೋದು. ಕಳ್ಳಮಾಲು ತಾನೇ ಇದು?"

"ಎಷ್ಟು ಕೂಗಿದ್ರೂ ಅಷ್ಟೇ ತಾಯಿ," ಎಂದಿತು ಹಿಂದಿನಿಂದ ಒಂದು ದನಿ. ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು, ಕೈಯಲ್ಲಿ ನೀರಿನ ಲೋಟ. "ಅವರಿಗೆ ಕೇಳಿಸಲ್ಲ. ವರ್ಷ ಆಯ್ತು. ಲೇತ್ ಮುಂದೆ ನಿಂತು ನಿಂತು ಹೋಯ್ತು. ಎದುರಿಗೆ ನಿಂತು ಮಾತಾಡಿದ್ರೆ ತುಟಿ ನೋಡಿ ತಿಳ್ಕೊಳ್ತಾರೆ. ಆರ್ಕೆಸ್ಟ್ರಾದವರಿಗೆ ಬೆನ್ನುನೋವು ಅಂತ ಹೇಳಿ ಬಿಟ್ಟು ಬಂದ್ರು, ಕಿವಿ ಹೋಯ್ತು ಅಂತ ಹೇಳೋಕೆ ನಾಚಿಕೆ." ಲೋಟವನ್ನು ಅವಳ ಮುಂದಿಟ್ಟು, ದನಿ ತಗ್ಗಿಸಿ ಸೇರಿಸಿದರು. "ಮೂರನೇ ತಂತಿ ಸಡಿಲ ಮಾಡಿದ್ದು ನೀವೇ ತಾನೇ? ನಾನೂ ಮೂವತ್ತು ವರ್ಷ ಕೇಳಿದೀನಿ. ಅಡುಗೆಮನೇಲಿದ್ರೂ ನನಗೆ ಗೊತ್ತಾಗುತ್ತೆ."

ಅಕ್ಕನ ಕೈ ತಂತಿಯ ಮೇಲೇ ಉಳಿಯಿತು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಜನರನ್ನು ಬಸ್ಸಿನಿಂದ ಇಳಿಸಿದ್ದಳು. ತಾನು ಎಲ್ಲಾದರೂ ಇಳಿದುಬಿಟ್ಟರೆ ಸಾಕು ಎನ್ನಿಸಿದ್ದು ಅವತ್ತೇ ಮೊದಲು.

ಚಿಲಕ ತೆಗೆದು ತಿರುಗಿದ ಹಿರಿಯರು ಇಬ್ಬರ ಮುಖವನ್ನೂ ನೋಡಿದರು. ಅವಳು ಕಳ್ಳ ಎಂದದ್ದು ಅವರಿಗೆ ಕೇಳಿಸಿರಲಿಲ್ಲ, ಆದರೆ ಹೆಂಡತಿ ಏನು ಹೇಳಿರಬೇಕೆಂದು ತಿಳಿಯಿತು. ನಿಟ್ಟುಸಿರು ಬಿಟ್ಟು ಬಂದು ಕೂತರು.

"ಹೇಳ್ಬಿಟ್ಲಾ. ಹೋಗ್ಲಿ ಬಿಡಿ." ಕೊಂಬಿನ ಮೇಲಿನ ತಗ್ಗುಗಳನ್ನು ಹೆಬ್ಬೆರಳಿನಿಂದ ಸವರಿದರು. "ಇದು ಹಲ್ಲಿನ ಗುರುತು ತಾಯಿ. ಸ್ಟೇಜ್ ಮೇಲೆ ಗಲಾಟೆ ಇದ್ದಾಗ ನಾವು ಹಳಬರು ಕೊಂಬನ್ನ ಹಲ್ಲಲ್ಲಿ ಕಚ್ಚಿ ಶ್ರುತಿ ನೋಡ್ಕೊಳ್ತಿದ್ವಿ. ಸ್ವರ ಮೂಳೆಯಿಂದ ಒಳಗೆ ಬರುತ್ತೆ. ಕಿವಿ ಕಡಿಮೆಯಾದ ಮೇಲೆ ದಿನಾ ಹಾಗೇ ಕಚ್ಕೊಂಡು ಬಾರಿಸ್ತಿದ್ದೆ. ಮೊನ್ನೆಮೊನ್ನೆವರೆಗೂ ಹಲ್ಲಿಗಾದ್ರೂ ಕೇಳ್ತಿತ್ತು. ಈಗ ಹಲ್ಲಿಗೂ ಕೇಳಲ್ಲ. ಅದಕ್ಕೇ ಮಾರೋದು."

ಕೆಳಗೆ ಲೇತ್ ಒಂದು ಸುತ್ತು ಕಿರುಚಿ ನಿಂತಿತು.

"ಒಂದು ಕೇಳ್ಲಾ?" ಎಂದರು ಹಿರಿಯರು, ಅವಳ ತುಟಿಯ ಮೇಲೆ ಕಣ್ಣಿಟ್ಟು. "ನೀವು ಬಾರಿಸಿದಾಗ ಶ್ರುತಿ ಸರಿಯಾಗಿದೆ ಅಂದೆ. ನಿಮ್ಮ ಬೆರಳು ನೋಡಿ ಅಂದಿದ್ದು. ನಿಜವಾಗ್ಲೂ ಸರಿ ಇತ್ತಾ? ನೆನ್ನೆ ರಾತ್ರಿ ಕೈಯಂದಾಜಲ್ಲೇ ಕೂಡಿಸಿಟ್ಟಿದ್ದೆ."

ಹೆಂಡತಿ ಅವಳನ್ನೇ ನೋಡುತ್ತಿದ್ದರು. ಬಸ್ಸು ತುಂಬ ಸುಳ್ಳು ಹಿಡಿದವಳಿಗೆ ಸುಳ್ಳು ಹೇಳುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಕಿವಿಯಿದ್ದವರಿಗಾದರೆ ದನಿಯಲ್ಲಿ ಮೋಸ ಮಾಡಬಹುದು, ತುಟಿ ಓದುವವರಿಗೆ ಸುಳ್ಳು ಕಣ್ಣಿಗೇ ಕಂಡುಬಿಡುತ್ತದೇನೋ ಎಂಬ ಹೆದರಿಕೆ ಬೇರೆ.

"ಸರಿಯಾಗೇ ಇತ್ತು ಸಾರ್," ಎಂದಳು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ. "ಕೂದಲೆಳೆಯಷ್ಟೂ ತಪ್ಪಿರಲಿಲ್ಲ."

ಅವರ ಮುಖ ಅರಳಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಚೌಕಾಸಿ ಮಾಡದೆ ಅವಳು ವಸ್ತು ಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ಹಿರಿಯರು ತಾವೇ ಬೇಸನ್ನು ಎತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದರು. ಮುಚ್ಚುವ ಮುನ್ನ ಹೆಬ್ಬೆರಳನ್ನು ಬಿರಡೆಗಳ ಮೇಲೆ ಒಂದರ ಹಿಂದೊಂದರಂತೆ ಆಡಿಸಿದರು. ಮೂರನೆಯದರ ಮೇಲೆ ಬೆರಳು ನಿಂತಿತು. ಉಳಿದ ಮೂರು ನೆನ್ನೆ ರಾತ್ರಿ ಅವರು ಕೂಡಿಸಿಟ್ಟಂತೆಯೇ ಒಂದೇ ಸಾಲಿನಲ್ಲಿದ್ದವು, ಅದೊಂದು ಮಾತ್ರ ಓರೆಯಾಗಿತ್ತು. ಆಮೇಲೆ ಮುಚ್ಚಳ ಹಾಕಿ, ಕೊಂಡಿ ಬಿಗಿದು, ನಗುತ್ತಾ ಹೇಳಿದರು.

"ನೋಡಿ, ಹನ್ನೆರಡನೇದು ಒಂದು ಮರೆತಿದ್ದೆ. ಈ ಮೂರನೇ ತಂತಿ ತಾನಾಗೇ ಸಡಿಲ ಆಗುತ್ತೆ. ಮನೆಗೆ ಹೋಗಿ ಸರಿಮಾಡ್ಕೊಳ್ಳಿ. ನಿಮ್ಮ ತಪ್ಪು ಅಂತ ಅನ್ಕೋಬೇಡಿ."

ಶನಿವಾರ ಅವಳು ತನ್ನ ಮೂಲೆಯಲ್ಲೇ ನಿಂತು ಬಾರಿಸಿದಳು. ಹೊಸ ಮ್ಯಾನೇಜರ್ ಹಾಡುವವಳನ್ನು ಹೊಗಳಿದರು, ಕೀಬೋರ್ಡಿನವನ ಕೈ ಕುಲುಕಿದರು. ಮೇಜಿನ ಕೆಳಗೆ ಅವರ ಬೂಟುಗಾಲು ಮೂರು ಗಂಟೆಯೂ ತಾಳ ಹಾಕುತ್ತಿದ್ದದ್ದನ್ನು ಅವಳೊಬ್ಬಳೇ ನೋಡಿದಳು. ಕೀಬೋರ್ಡಿನವನ ಭಾವಮೈದ ತನ್ನ ಬೇಸ್ ಎತ್ತಿಕೊಂಡು ಮನೆಗೆ ಹೋದ.

"ಕೊಂಬು ಇಲಿ ಕಡಿದಿದೆಯಲ್ಲಕ್ಕಾ, ನೋಡ್ಲಿಲ್ವಾ ನೀನು?" ಎಂದ ತಮ್ಮ.

"ನೋಡಿದೆ. ಮುಟ್ಬೇಡ."

ನೋಟ್‌ಬುಕ್ಕಿನಲ್ಲಿ ಹನ್ನೆರಡನೇ ದೋಷವನ್ನು ಬರೆದುಕೊಂಡಿದ್ದಳು. ಅನುಮಾನದ ಪ್ರಾಣಿ, ಬಿಡುತ್ತದೆಯೇ? ಪ್ರತಿ ಶನಿವಾರ ಬಾರಿಸುವ ಮುನ್ನ ಮೂರನೇ ತಂತಿಯನ್ನೇ ಮೊದಲು ಮೀಟಿ ಪರೀಕ್ಷಿಸಿದಳು. ಒಂದು ವಾರವಾಯಿತು. ಎರಡು ವಾರವಾಯಿತು. ಉಳಿದ ತಂತಿಗಳು ಚೂರುಪಾರು ಇಳಿದವು, ಮೂರನೆಯದು ಇಳಿಯಲಿಲ್ಲ. ಆರನೇ ವಾರ, ಜನ ಇನ್ನೂ ಬಂದು ಕೂರುತ್ತಿರುವಾಗ, ಅದೇ ತಂತಿಯನ್ನು ಮತ್ತೊಮ್ಮೆ ಮೀಟಿದಳು. ಗಟ್ಟಿಯಾಗಿ, ನೆಟ್ಟಗೆ ನಿಂತಿತ್ತು. ಅದಕ್ಕೆ ಸಡಿಲವಾಗುವ ಚಾಳಿ ಯಾವತ್ತೂ ಇರಲೇ ಇಲ್ಲ. ಬಿರಡೆ ತಿರುಗಿಸಿದ್ದು ಯಾರೆಂದು ಆ ಮನುಷ್ಯನಿಗೆ ಅವತ್ತೇ ಗೊತ್ತಿತ್ತು.

"ಏನಕ್ಕಾ, ಶ್ರುತಿ ಇಳಿದಿದೆಯಾ?" ಎಂದು ಡ್ರಮ್ಸ್ ಹಿಂದಿನಿಂದ ತಮ್ಮ ಕೇಳಿದ.

ಇಲ್ಲವೆಂದು ತಲೆಯಾಡಿಸಿದಳು. ಕಣ್ಣೀರು ಕೆನ್ನೆಗಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮೂಲೆಯಲ್ಲಿ ನಿಂತವಳನ್ನು ಯಾರೂ ನೋಡುತ್ತಿರಲಿಲ್ಲ.